ಪುಟ್ಟ ಕಿಟಕಿಯ ಅಂಕಿ

ಮುಳ್ಳಣ್ಣನಿಗೆ ಲೋಕದಲ್ಲಿ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ, ಒಬ್ಬನನ್ನು ಬಿಟ್ಟು. ಪಕ್ಕದ ಮನೆಯವರು ಮೂರಂತಸ್ತು ಕಟ್ಟಿಸಿದಾಗ ಹೋಗಿ, ಮಹಡಿ ಹತ್ತಿ ಇಳಿದು, ಬಲು ಚೆನ್ನಾಗಿದೆ ಎಂದು ಮನಸಾರೆ ಹೇಳಿ ಬಂದವನು ಅವನು. ಜೊತೆಗೆ ಓದಿದವರು ದೊಡ್ಡ ದೊಡ್ಡ ಕುರ್ಚಿಗಳಲ್ಲಿ ಕೂತ ಸುದ್ದಿ ಕೇಳಿ ಖುಷಿಪಟ್ಟವನು. ಆದರೆ ಷಡ್ಡಕನ ಮಾತು ಕಿವಿಗೆ ಬಿದ್ದರೆ ಸಾಕು, ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದಂತಾಗುತ್ತಿತ್ತು. ಇಬ್ಬರೂ ಒಂದೇ ಮನೆಯ ಅಳಿಯಂದಿರು. ಇವನು ಅಕ್ಕನ ಗಂಡ, ಅವನು ತಂಗಿಯ ಗಂಡ. ಅವನು ವಿಮಾನ ಹಾರಿಸುತ್ತಿದ್ದ. ಇವನು ಅದೇ ವಿಮಾನದ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ.

ಮುಳ್ಳಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ವಿಮಾನದ ಮುಂಭಾಗದಲ್ಲಿ, ಪೈಲಟ್ ಕೂರುವ ಜಾಗದೆದುರು, ಸಾಲಾಗಿ ಗಡಿಯಾರಗಳಂಥ ಮುಖಗಳಿರುತ್ತವಲ್ಲ, ಅವುಗಳ ಮುಳ್ಳುಗಳನ್ನು ನೋಡಿಕೊಳ್ಳುವ ಅಣ್ಣ ಎಂದು ಹ್ಯಾಂಗರಿನವರು, ಅಂದರೆ ವಿಮಾನ ರಿಪೇರಿಯ ದೊಡ್ಡ ಶೆಡ್ಡಿನವರು, ಇಟ್ಟ ಹೆಸರು. ಅವನಿಗೊಂದು ಅಭ್ಯಾಸ. ಯಾವ ಗಾಜಿನ ಮುಖ ಕಂಡರೂ ಬಲಗೈಯ ಉಗುರಿನಿಂದ ಮೂರು ಸಲ ಟಕಟಕ ತಟ್ಟುತ್ತಿದ್ದ. ಎಲ್ಲೋ ಅಂಟಿಕೊಂಡ ಮುಳ್ಳು ಆ ಪೆಟ್ಟಿಗೆ ಬಿಡಿಸಿಕೊಂಡು ನಿಜ ಹೇಳುತ್ತದೆ ಎಂಬುದು ಆ ಕಸುಬಿನವರ ನಂಬಿಕೆ, ನಂಬಿಕೆಯೇನು, ಅನುಭವ. ಆಸ್ಪತ್ರೆಗೆ ಹೋದರೆ ತೂಕದ ಯಂತ್ರವನ್ನು ತಟ್ಟುತ್ತಿದ್ದ, ಮನೆಯಲ್ಲಿ ಕುಕ್ಕರಿನ ಮುಚ್ಚಳ ತಟ್ಟಿ ಹೆಂಡತಿಯ ಹತ್ತಿರ ಬೈಸಿಕೊಳ್ಳುತ್ತಿದ್ದ.

ಅವನೂ ಪೈಲಟ್ ಆಗಬೇಕೆಂದೇ ಹೊರಟವನು. ಹತ್ತೊಂಬತ್ತನೇ ವಯಸ್ಸಿನಲ್ಲಿ ಪರೀಕ್ಷೆಯನ್ನೆಲ್ಲ ಪಾಸು ಮಾಡಿ, ಕೊನೆಗೆ ಕಿವಿಯ ಡಾಕ್ಟರ ಮುಂದೆ ಕೂತ. ಚಿಕ್ಕಂದಿನಲ್ಲಿ ಎಡಗಿವಿ ಸೋರಿ ಸೋರಿ ತಮಟೆಯಲ್ಲಿ ಒಂದು ತೂತು ಉಳಿದಿತ್ತು. ಡಾಕ್ಟರು ಪುಟ್ಟ ದೀಪ ಹಿಡಿದು ನೋಡಿ, ಕಾಗದದ ಮೇಲೆ ಎರಡು ಶಬ್ದ ಬರೆದರು, ಅಲ್ಲಿಗೆ ಮುಗಿಯಿತು. ಆಕಾಶ ಕೈಕೊಟ್ಟಿತೆಂದು ಅವನು ಅಳುತ್ತಾ ಕೂರಲಿಲ್ಲ. ಹಾರಿಸಲು ಬಿಡದಿದ್ದರೆ ಹಾರಿಸುವವರಿಗೆ ಎತ್ತರ ಹೇಳಿಕೊಡುತ್ತೇನೆ ಎಂದು ಉಪಕರಣಗಳ ಕೆಲಸ ಕಲಿತ. ಇಪ್ಪತ್ತಾರು ವರ್ಷ ಕಲಿತ ಕೆಲಸವನ್ನೇ ಮಾಡಿದ. ಆದರೆ ವಿಮಾನದಲ್ಲಿ ಒಂದು ದಿನವೂ ಕೂತು ಹಾರಲಿಲ್ಲ. ರಿಪೇರಿ ಆದ ಮೇಲೆ ಪರೀಕ್ಷೆಯ ಹಾರಾಟಕ್ಕೆ ಮೆಕ್ಯಾನಿಕ್ ಒಬ್ಬ ಜೊತೆಗೆ ಹೋಗುವ ವಾಡಿಕೆ ಇತ್ತು. ಅಂಥ ದಿನ ಅವನಿಗೆ ತಪ್ಪದೆ ಕಿವಿ ನೋಯುತ್ತಿತ್ತು, ಬೇರೆ ಯಾರನ್ನಾದರೂ ಕಳಿಸುತ್ತಿದ್ದ. ನಿಜ ಹೇಳಬೇಕೆಂದರೆ ನೋಯುತ್ತಿದ್ದದ್ದು ಕಿವಿಯಲ್ಲ.

ನಾದಿನಿಯ ಮದುವೆ ಆಗುವವರೆಗೂ ಈ ನೋವು ಸಹಿಸುವಷ್ಟೇ ಇತ್ತು. ಹೊಸ ಅಳಿಯ ಮನೆಗೆ ಬಂದ ಮೇಲೆ ನೋಡಿ, ಬೆಂಕಿಗೆ ತುಪ್ಪ ಸುರಿದಂತಾಯಿತು. ಎತ್ತರದ ಆಳು, ಮಾತು ಮೆತ್ತಗೆ, ನಗುಮುಖ. ಮಾವ ಬಸ್ಸು ಓಡಿಸಿ ನಿವೃತ್ತರಾದವರು. ಚಕ್ರ ಇರುವ ಯಾವುದನ್ನು ಕಂಡರೂ ಅವರಿಗೆ ಪ್ರೀತಿ, ರೆಕ್ಕೆಯೂ ಇದ್ದರೆ ಕೇಳುವುದೇ ಬೇಡ. ಭಾನುವಾರ ಮಧ್ಯಾಹ್ನ ಇಬ್ಬರೂ ಅಳಿಯಂದಿರು ಊಟಕ್ಕೆ ಬಂದರೆ ಹೊಸ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಳಿಯಂದ್ರೇ, ಮೋಡದೊಳಗೆ ಹೋದಾಗ ದಾರಿ ಹೇಗೆ ಗೊತ್ತಾಗುತ್ತೆ? ಮೇಲಿಂದ ನಮ್ಮ ಮನೆ ಕಾಣುತ್ತಾ?" ಎಂದು ಶುರುಮಾಡುತ್ತಿದ್ದರು. ಮುಳ್ಳಣ್ಣನನ್ನು ಕಂಡರೆ ಗೋಡೆಯ ಗಡಿಯಾರ ಇಳಿಸಿ ಕೈಗೆ ಕೊಡುತ್ತಿದ್ದರು. "ಮತ್ತೆ ಹಿಂದೆ ಹೋಗ್ತಿದೆ, ಸ್ವಲ್ಪ ನೋಡಿ ಅಳಿಯಂದ್ರೇ." ಹನ್ನೊಂದು ವರ್ಷಗಳಲ್ಲಿ ಆ ಗಡಿಯಾರವನ್ನು ಅವನು ಎಷ್ಟು ಸಲ ಬಿಚ್ಚಿದ್ದನೋ ಲೆಕ್ಕವಿಲ್ಲ. ಅತ್ತ ಆಕಾಶದ ಕಥೆ, ಇತ್ತ ಸ್ಕ್ರೂಡ್ರೈವರು.

"ಮೋಡದಲ್ಲಿ ದಾರಿ ಹೇಳೋದು ನಾನು ಸರಿಮಾಡಿ ಕೊಟ್ಟ ಮುಳ್ಳು ಕಣೇ," ಎಂದು ಮನೆಗೆ ಹಿಂತಿರುಗುವಾಗ ಹೆಂಡತಿಯ ಹತ್ತಿರ ಗೊಣಗುತ್ತಿದ್ದ. "ಅದನ್ನ ಒಂದು ಸಲ ಅವನ ಬಾಯಲ್ಲಿ ಕೇಳಬೇಕು."

"ಅವರು ಹೇಳ್ತಾನೇ ಇದ್ರು. ನೀವು ಗಡಿಯಾರದೊಳಗೆ ಮೂಗು ತೂರಿಸಿಕೊಂಡಿದ್ರಿ, ಕೇಳಿಸಲಿಲ್ಲ," ಎನ್ನುತ್ತಿದ್ದಳು ಅವಳು. ಅವಳ ಮಾತು ಅವನಿಗೆ ಬೇಕಾದಾಗ ಎಡಗಿವಿಯ ಕಡೆಯಿಂದ ಬರುತ್ತಿತ್ತು.

ಈಗ ಆ ಮುಳ್ಳಿನ ವಿಷಯ ಸ್ವಲ್ಪ ಹೇಳಲೇಬೇಕು. ವಿಮಾನದ ಎತ್ತರ ತೋರಿಸುವ ಉಪಕರಣವನ್ನು ಆಲ್ಟಿಮೀಟರ್ ಎನ್ನುತ್ತಾರೆ. ಅದು ನೆಲವನ್ನು ನೋಡುವುದೇ ಇಲ್ಲ. ಅದರ ಹೊಟ್ಟೆಯಲ್ಲಿ ತೆಳು ತಗಡಿನ ಒಂದು ಪುಟ್ಟ ಡಬ್ಬಿ ಇದೆ, ಒಳಗೆ ಗಾಳಿ ಇಲ್ಲ. ಮೇಲೆ ಹೋದಷ್ಟೂ ಸುತ್ತಲಿನ ಗಾಳಿಯ ಒತ್ತಡ ಕಡಿಮೆಯಾಗಿ ಡಬ್ಬಿ ಉಬ್ಬುತ್ತದೆ, ಇಳಿದರೆ ಕುಗ್ಗುತ್ತದೆ. ಆ ಉಬ್ಬರವೇ ಮುಳ್ಳಾಗಿ ತಿರುಗಿ ಅಡಿಗಳ ಲೆಕ್ಕ ಹೇಳುತ್ತದೆ. ಆದರೆ ಗಾಳಿಯ ಒತ್ತಡ ನಿನ್ನೆ ಇದ್ದಂತೆ ಇವತ್ತಿಲ್ಲ, ಬೆಳಿಗ್ಗೆ ಇದ್ದಂತೆ ಸಂಜೆ ಇಲ್ಲ. ಅದಕ್ಕಾಗಿ ಆ ಮುಖದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಪುಟ್ಟ ಕಿಟಕಿಯೊಂದಿದೆ, ಮೂಲೆಯಲ್ಲಿ ತಿರುಗಿಸುವ ಗುಂಡಿ. ಪೈಲಟ್ ರೇಡಿಯೋದಲ್ಲಿ ಹವಾಮಾನದ ಕೋಣೆಯನ್ನು ಕೇಳುತ್ತಾನೆ. ಅವರು ಆ ಹೊತ್ತಿನ ಒತ್ತಡದ ಅಂಕಿ ಹೇಳುತ್ತಾರೆ, 1012 ಎಂದೋ 1008 ಎಂದೋ. ಅವನು ಗುಂಡಿ ತಿರುಗಿಸಿ ಆ ಅಂಕಿಯನ್ನು ಕಿಟಕಿಗೆ ತರಬೇಕು, ಆಮೇಲೆ ಮುಳ್ಳನ್ನು ನೋಡಬೇಕು. ಇವರ ನಿಲ್ದಾಣ ಸಮುದ್ರಮಟ್ಟದಿಂದ 1140 ಅಡಿ ಎತ್ತರ. ವಿಮಾನ ನಿಲ್ಲುವ ಅಂಗಳದ ತುದಿಯಲ್ಲಿ ಹಳದಿ ಹಲಗೆಯ ಮೇಲೆ ಅದನ್ನು ಆಳೆತ್ತರ ಬರೆದಿದ್ದರು. ಮುಳ್ಳು ಆ ಹಲಗೆಯ ಮಾತನ್ನೇ ಆಡಬೇಕು. ಎಪ್ಪತ್ತೈದು ಅಡಿಯವರೆಗೆ ಹೆಚ್ಚು ಕಡಿಮೆಯಾದರೆ ಕ್ಷಮೆ ಉಂಟು. ಅದಕ್ಕಿಂತ ದಾಟಿದರೆ ವಿಮಾನದ ಪುಸ್ತಕದಲ್ಲಿ ಬರೆದು, ಮೆಕ್ಯಾನಿಕನನ್ನು ಕರೆಯಬೇಕು.

ಕೆಲವು ಪೈಲಟ್‌ಗಳಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಅವರು ಅಂಕಿಯನ್ನು ಕೂರಿಸಿ ಮುಳ್ಳನ್ನು ನೋಡುವುದಿಲ್ಲ. ಹಲಗೆ ನೋಡುತ್ತಾ ಮುಳ್ಳನ್ನೇ 1140ಕ್ಕೆ ತಿರುಗಿಸಿಬಿಡುತ್ತಾರೆ, ಕಿಟಕಿಯಲ್ಲಿ ಯಾವ ಅಂಕಿ ಬಂದರೆ ಅದು. ಉಪಕರಣ ಸುಳ್ಳು ಹೇಳುತ್ತಿದ್ದರೂ ಆಗ ಗೊತ್ತಾಗುವುದಿಲ್ಲ, ಯಾಕೆಂದರೆ ಅದರ ಬಾಯಿಗೆ ಉತ್ತರವನ್ನು ನೀವೇ ತುರುಕಿರುತ್ತೀರಿ. ಈ ಚಾಳಿ ಕಂಡರೆ ಮುಳ್ಳಣ್ಣನಿಗೆ ಮೈ ಉರಿಯುತ್ತಿತ್ತು.

ಕಳೆದ ವರ್ಷದ ಒಂದು ಮಧ್ಯಾಹ್ನ ಅವನು ಒಂಬತ್ತು ಸೀಟಿನ ವಿಮಾನದ ಎಡಗಡೆಯ ಆಲ್ಟಿಮೀಟರನ್ನು ಬಿಚ್ಚಿ ಬೆಂಚಿನ ಮೇಲಿಟ್ಟು ಸರಿಮಾಡುತ್ತಿದ್ದ. ಆ ವಿಮಾನದಲ್ಲಿ ಎರಡಿದ್ದವು, ಎಡಗಡೆ ಒಂದು, ಬಲಗಡೆ ಒಂದು. ಹಾರಿಸುವವನು ಒಬ್ಬನೇ, ಎಡಗಡೆ ಕೂರುವವನು. ಪಕ್ಕದ ಕೋಣೆಯಲ್ಲಿ ಚಪ್ಪಾಳೆ ಕೇಳಿಸಿತು. ಷಡ್ಡಕನ ತೋಳಿನ ಮೇಲೆ ನಾಲ್ಕನೇ ಪಟ್ಟಿ ಬಿದ್ದಿತ್ತು, ಅಂದಿನಿಂದ ಅವನು ಪೂರ್ತಿ ಕ್ಯಾಪ್ಟನ್. ಯಾರೋ ಬಂದು, "ಮುಳ್ಳಣ್ಣ, ಬನ್ನಿ, ನಿಮ್ಮವರೇ ಅಲ್ವಾ," ಎಂದು ಕೈಹಿಡಿದು ಎಳೆದುಕೊಂಡು ಹೋದರು. ಅವನು ಹೋದ, ನಕ್ಕ, ಕೈಕುಲುಕಿದ, ಸಿಹಿ ಬಾಯಿಗೆ ಹಾಕಿಕೊಂಡ. ಹಿಂತಿರುಗಿ ಬಂದು ಹಲ್ಲುಕಚ್ಚಿಕೊಂಡು ಉಪಕರಣದ ಮುಚ್ಚಳ ಹಾಕಿ, ಸೀಲು ಒತ್ತಿ, ಸಹಿ ಮಾಡಿ ಕಳಿಸಿದ.

ಎಂಟು ತಿಂಗಳು ಕಳೆದವು. ಒಂದು ಭಾನುವಾರ ಮಾವನ ಮನೆಯಲ್ಲಿ ಊಟ ನಡೆಯುತ್ತಿತ್ತು. ಕ್ಯಾಪ್ಟನ್ ತಟ್ಟೆಯಿಂದ ಕಣ್ಣೆತ್ತದೆ ಸಹಜವಾಗಿ ಹೇಳಿದ. "ಅಣ್ಣ, ಎಡಗಡೆ ಆಲ್ಟಿಮೀಟರ್ ಒಂದು ಸಲ ನೋಡ್ತೀರಾ? ಸ್ವಲ್ಪ ಮೇಲೆ ತೋರಿಸ್ತಿದೆ ಅನ್ನಿಸ್ತು."

ಮಾವ ತಲೆಯೆತ್ತಿದರು. ಅತ್ತೆ ಬಡಿಸುತ್ತಿದ್ದ ಕೈ ನಿಲ್ಲಿಸಿದರು. ಮುಳ್ಳಣ್ಣನಿಗೆ ಎಲ್ಲರೆದುರು ಕಪಾಳಕ್ಕೆ ಹೊಡೆದಂತಾಯಿತು. "ನನ್ನ ಕೆಲಸ ನನಗೆ ಹೇಳಿಕೊಡಬೇಡಪ್ಪ," ಎಂದ. "ಅದು ನಾನು ಸೀಲು ಹಾಕಿದ ಮಾಲು. ಅನ್ನಿಸೋದಕ್ಕೆಲ್ಲ ಔಷಧಿ ಇಲ್ಲ. ಧೈರ್ಯ ಇದ್ರೆ ಪುಸ್ತಕದಲ್ಲಿ ಬರಿ."

"ಆಯ್ತು ಬಿಡಿ ಅಣ್ಣ," ಎಂದು ಕ್ಯಾಪ್ಟನ್ ಅನ್ನ ಕಲಸಿಕೊಂಡ. ಪುಸ್ತಕದಲ್ಲಿ ಅವನು ಬರೆಯಲಿಲ್ಲ. ಬರೆಯಲಿಲ್ಲವೆಂದ ಮೇಲೆ ದೋಷವಿಲ್ಲ, ಮಾವನ ಮುಂದೆ ದೊಡ್ಡಸ್ತಿಕೆ ತೋರಿಸಿದನಷ್ಟೆ ಎಂದು ಮುಳ್ಳಣ್ಣ ತೀರ್ಮಾನಿಸಿದ.

ಅದಾದ ಎರಡು ವಾರಕ್ಕೆ ಅವನು ಕಂಡದ್ದು ಇದು. ಬೆಳಿಗ್ಗೆ ಚಕ್ರಕ್ಕೆ ಒತ್ತಿಟ್ಟ ಮರದ ದಿಮ್ಮಿ ತೆಗೆಯಲು ಹೋದಾಗ ವಿಮಾನದ ಎಡಗಡೆಯ ಕಿಟಕಿಯೊಳಗೆ ಕಣ್ಣು ಹಾಯಿಸಿದ. ಕ್ಯಾಪ್ಟನ್ ಹಲಗೆಯನ್ನು ನೋಡಿದ, ಪಕ್ಕಕ್ಕೆ ವಾಲಿದ, ಮತ್ತೆ ನೆಟ್ಟಗೆ ಕೂತು ಗುಂಡಿ ಹಿಡಿದು ಮುಳ್ಳನ್ನು ಸರಕ್ಕನೆ 1140ಕ್ಕೆ ತಿರುಗಿಸಿದ. ಮುಳ್ಳಣ್ಣ ಅಲ್ಲೇ ನಿಂತುಬಿಟ್ಟ. ಸುಳ್ಳೇಕೆ ಹೇಳಬೇಕು, ಅವನಿಗೆ ಸಿಟ್ಟು ಬರಲಿಲ್ಲ. ಬಾಯಾರಿದವನಿಗೆ ನೀರು ಸಿಕ್ಕಂತೆ ಸಂತೋಷವಾಯಿತು. ನಾಲ್ಕು ಪಟ್ಟಿಯ ಮಹಾಶಯನಿಗೆ ಆಲ್ಟಿಮೀಟರ್ ಕೂರಿಸುವುದಕ್ಕೇ ಬರುವುದಿಲ್ಲ.

ಅಂದು ಸಂಜೆಯೇ ನೀಲಿ ರಟ್ಟಿನ ಒಂದು ಪುಸ್ತಕ ಕೊಂಡ. ವಿಮಾನ ಬಂದು ನಿಂತು, ಕ್ಯಾಪ್ಟನ್ ಚೀಲ ಹೆಗಲಿಗೇರಿಸಿ ಹೋದ ಮೇಲೆ ಇವನು ಎಡಗಡೆಯ ಸೀಟಿನ ಪಕ್ಕ ಬಗ್ಗಿ ಕಿಟಕಿಯ ಅಂಕಿ ನೋಡುತ್ತಿದ್ದ. ಹವಾಮಾನದ ಕೋಣೆಯ ಹೊರಗೆ ತೂಗುಹಾಕಿದ ಹಲಗೆಯಲ್ಲಿ ಆ ಹೊತ್ತಿನ ಸರಿಯಾದ ಅಂಕಿ ಇರುತ್ತಿತ್ತು. ಎರಡನ್ನೂ ಎದುರುಬದುರು ಬರೆದುಕೊಳ್ಳುತ್ತಿದ್ದ. ಮೊದಲನೆಯ ದಿನ ಕೋಣೆಯವರು 1012, ಕ್ಯಾಪ್ಟನ್ 1011. ಮೂರನೆಯ ದಿನ 1009, 1008. ಎರಡನೆಯ ವಾರ 1011, 1009. ಒಂದು ತಿಂಗಳಾಗುವಷ್ಟರಲ್ಲಿ 1014, 1011. ಪ್ರತಿ ಸಾಲಿನ ಪಕ್ಕದಲ್ಲಿ ಒಂದೊಂದು ಷರಾ. "ಅಜಾಗರೂಕತೆ." "ರೇಡಿಯೋ ಕೇಳಿಲ್ಲ." "ಸೋಮಾರಿತನ ಹೆಚ್ಚುತ್ತಿದೆ." ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಇಪ್ಪತ್ತಾರು ವರ್ಷದ ಕಸುಬುದಾರ, ಅಂಕಿ ನೋಡಿದರೆ ಡಬ್ಬಿಯೊಳಗಿನ ಕಥೆ ಹೇಳಬಲ್ಲವನು, ಆ ಎರಡು ಸಾಲು ಅಂಕಿಗಳಲ್ಲಿ ಷಡ್ಡಕನ ಮುಖವನ್ನು ಮಾತ್ರ ನೋಡಿದ.

ಒಂದು ದಿನ ಅಂಗಿ ಒಗೆಯಲು ಹಾಕುವಾಗ ಹೆಂಡತಿಗೆ ಜೇಬಿನಲ್ಲಿ ಪುಸ್ತಕ ಸಿಕ್ಕಿತು. ಅವಳು ಬಾಗಿಲಲ್ಲೇ ನಿಂತು ನಾಲ್ಕು ಪುಟ ಓದಿದಳು.

"ಇದೇನ್ರೀ ಇದು?"

"ಕೆಲಸದ್ದು. ಇಡು."

"ಕೆಲಸದ್ದಾದ್ರೆ ಸೋಮಾರಿ ಅಂತ ಯಾಕಿದೆ? ನನ್ನ ತಂಗಿ ಗಂಡನ ಜಾತಕ ಬರೀತಿದೀರಾ?"

"ಅವನು ತಪ್ಪು ಮಾಡ್ತಿದಾನೆ ಕಣೇ. ಜನ ಕೂತ್ಕೊಂಡು ಹೋಗೋ ವಿಮಾನ ಅದು."

"ಹಂಗಿದ್ರೆ ಇವತ್ತೇ ಅವರಿಗೆ ಹೇಳಿ. ಎರಡು ತಿಂಗಳಿಂದ ಬರ್ಕೊಂಡು ಕೂತಿರೋದ್ಯಾಕೆ?" ಅವಳು ಪುಸ್ತಕವನ್ನು ಅವನ ಮಡಿಲಿಗೆ ಎಸೆದಳು. "ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದವರ ತಟ್ಟೇಲಿರೋ ನೊಣ ಓಡಿಸೋಕೆ ಹೋಗ್ತಾರಂತೆ. ನೋಡ್ಕೊಳ್ಳಿ." ಗಾದೆಯೇನೋ ಅವಳಿಗೆ ಸಿಟ್ಟಿನಲ್ಲಿ ಬಾಯಿಗೆ ಬಂದದ್ದು, ಆಲ್ಟಿಮೀಟರಿನ ಗಂಧಗಾಳಿ ಅವಳಿಗಿರಲಿಲ್ಲ.

ಅವನು ಕಾಯುತ್ತಿದ್ದದ್ದಕ್ಕೆ ಕಾರಣವಿತ್ತು. ಆ ತಿಂಗಳ ಕೊನೆಗೆ ತಪಾಸಣೆಯ ಅಧಿಕಾರಿ ಬರುವವರಿದ್ದರು, ಹೆಂಗಸು, ಬಲು ಖಡಕ್ಕು ಎಂದು ಹೆಸರು. ಅವರ ವರದಿಯ ಮೇಲೆ ಎರಡು ಹುದ್ದೆಗಳು ತೀರ್ಮಾನವಾಗುತ್ತಿದ್ದವು. ಒಂದು ಮುಖ್ಯ ಪೈಲಟ್, ಅದಕ್ಕೆ ಕ್ಯಾಪ್ಟನ್ ಹೆಸರಿತ್ತು. ಇನ್ನೊಂದು ಉಪಕರಣ ಶಾಖೆಯ ಮುಖ್ಯಸ್ಥ, ಅದಕ್ಕೆ ಮುಳ್ಳಣ್ಣನ ಹೆಸರಿತ್ತು. ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ. ತಾನು ಮುಖ್ಯಸ್ಥನಾಗಿ, ಅವನು ಇದ್ದಲ್ಲೇ ಉಳಿದರೆ ಭಾನುವಾರದ ಊಟದಲ್ಲಿ ಮಾವ ಯಾರ ಪಕ್ಕ ಕೂರುತ್ತಾರೆ ನೋಡೋಣ ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದ.

ತಪಾಸಣೆಯ ದಿನ ಬಂತು. ಅಧಿಕಾರಿ ಬೆಂಚು ನೋಡಿದರು, ಸೀಲುಗಳನ್ನು ನೋಡಿದರು, ತೃಪ್ತಿಯಿಂದ ತಲೆಯಾಡಿಸಿದರು. ಹೊರಡುವ ಹೊತ್ತಿಗೆ ಮುಳ್ಳಣ್ಣ ಗಂಟಲು ಸರಿಮಾಡಿಕೊಂಡು ನೀಲಿ ಪುಸ್ತಕವನ್ನು ಮೇಜಿನ ಮೇಲಿಟ್ಟ. "ಮೇಡಂ, ಹೇಳಬಾರದು ಅಂದ್ಕೊಂಡಿದ್ದೆ. ನಮ್ಮವರೇ. ಆದ್ರೆ ಜನರ ಪ್ರಾಣದ ವಿಷಯ."

ಅವರು ಕನ್ನಡಕ ಹಾಕಿಕೊಂಡು ಕೂತರು. ಮೊದಲ ಪುಟ ನೋಡಿದರು, ಕೊನೆಯ ಪುಟ ನೋಡಿದರು. ಕೊನೆಯ ಸಾಲು ಹಿಂದಿನ ಸಂಜೆಯದು, 1010, 1006. ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು.

"ಒಂದು ಅಂಕಿಗೆ ಎಷ್ಟು ಅಡಿ?"

"ಸುಮಾರು ಇಪ್ಪತ್ತೇಳು, ಮೇಡಂ."

"ಅವರು ಮುಳ್ಳನ್ನ 1140ಕ್ಕೆ ತಿರುಗಿಸ್ತಾರೆ ಅಂತೀರಿ. ಉಪಕರಣ ಸರಿ ಇದ್ರೆ, ಮುಳ್ಳು 1140ರಲ್ಲಿ ನಿಂತಾಗ ಕಿಟಕಿಯಲ್ಲಿ ಯಾವ ಅಂಕಿ ಬರಬೇಕು?"

ಮುಳ್ಳಣ್ಣ ಬಾಯಿ ತೆರೆದ. ಮೊದಲ ತಿಂಗಳ ಪಾಠ ಅದು. "ಆ ದಿನದ ಅಂಕಿನೇ ಬರಬೇಕು," ಎಂದ. ಅಂದ ಮೇಲೆ ಅವನಿಗೆ ತಾನು ಅಂದದ್ದು ಕೇಳಿಸಿತು.

"ಬಂದಿಲ್ಲ. ಮೊದಲು ಒಂದು ಕಡಿಮೆ, ಆಮೇಲೆ ಎರಡು, ಮೂರು, ನಾಲ್ಕು. ಒಂದು ಸಲವೂ ಹೆಚ್ಚಾಗಿಲ್ಲ. ಸೋಮಾರಿ ಇಷ್ಟು ಕ್ರಮವಾಗಿ ತಪ್ಪು ಮಾಡ್ತಾನಾ?" ಅವರು ಕನ್ನಡಕ ತೆಗೆದರು. "ಬಲಗಡೆ ಆಲ್ಟಿಮೀಟರಿನ ಕಿಟಕಿ ಯಾವತ್ತಾದ್ರೂ ನೋಡಿದ್ರಾ?"

"ಇಲ್ಲ."

"ಎರಡು ಅಡಿ ದೂರ ಇದೆ."

ಅವನು ನೆಲ ನೋಡುತ್ತಾ ನಿಂತ. ಆ ಮೂರು ತಿಂಗಳಲ್ಲಿ ಕತ್ತು ಒಂದು ಸಲವೂ ಬಲಕ್ಕೆ ತಿರುಗಿರಲಿಲ್ಲ. ಷಡ್ಡಕ ಕೂರುತ್ತಿದ್ದದ್ದು ಎಡಗಡೆ.

ಕ್ಯಾಪ್ಟನ್‌ನನ್ನು ಕರೆಸಿದರು. ಉಪಕರಣ ಬಿಚ್ಚಿ ತರಿಸಿದರು. ಆ ಹೊತ್ತಿನ ಅಂಕಿ 1010 ಅನ್ನು ಕಿಟಕಿಗೆ ಕೂರಿಸಲು ಅಧಿಕಾರಿ ಮುಳ್ಳಣ್ಣನಿಗೇ ಹೇಳಿದರು. ಅವನು ಕೂರಿಸಿ ಮೂರು ಸಲ ತಟ್ಟಿದ. ಮುಳ್ಳು 1250ರಲ್ಲಿ ನಿಂತಿತು. ನೂರ ಹತ್ತು ಅಡಿ ಹೆಚ್ಚು. ಮೋಡದಲ್ಲಿ ಇಳಿಯುವವನು ಇದನ್ನು ನಂಬಿದರೆ ಕಾಲ ಕೆಳಗೆ ಇಲ್ಲದ ನೂರ ಹತ್ತು ಅಡಿ ಇದೆಯೆಂದು ನಂಬುತ್ತಾನೆ. ಮುಚ್ಚಳ ತೆಗೆಯಿರಿ ಎಂದರು. ಒಳಗೆ ಹೊಂದಾಣಿಕೆಯ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಸರಿಪಡಿಸಿದ ಮೇಲೆ ತಲೆಯ ಮೇಲೆ ಕೆಂಪು ಅರಗಿನ ಒಂದು ಹನಿ ಬಿಡಬೇಕು, ಒಣಗಿ ಗಟ್ಟಿಯಾಗಿ ಎಂಜಿನಿನ ನಡುಕಕ್ಕೆ ಸ್ಕ್ರೂ ಅಲುಗದಂತೆ ಹಿಡಿಯುತ್ತದೆ. ಕೆಲಸಕ್ಕೆ ಸೇರಿದ ಹುಡುಗರಿಗೆ ಅವನೇ ಹೇಳುತ್ತಿದ್ದ, ಕೆಂಪು ಹನಿ ಇಲ್ಲದೆ ಮುಚ್ಚಳ ಇಲ್ಲ ಎಂದು. ಇಲ್ಲಿ ಸ್ಕ್ರೂವಿನ ತಲೆ ಬೋಳಾಗಿ ಹೊಳೆಯುತ್ತಿತ್ತು. ದಿನಕ್ಕೊಂದು ಕೂದಲೆಳೆ ತಿರುಗುತ್ತಾ ಬಂದಿತ್ತು.

ಸೀಲಿನ ಮೇಲಿನ ತಾರೀಖನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ. ಹನಿ ಬಿಡುವ ಹೊತ್ತಿಗೇ ಅವನು ಎದ್ದು ಹೋಗಿ ಷಡ್ಡಕನ ನಾಲ್ಕನೇ ಪಟ್ಟಿಗೆ ಕೈಕುಲುಕಿ ಬಂದಿದ್ದ.

ಅಧಿಕಾರಿ ಕ್ಯಾಪ್ಟನ್ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಮೇಡಂ. ಬಲಗಡೆದು ಸರಿ ಇತ್ತು, ಅದನ್ನೇ ನೋಡಿ ಹಾರಿಸ್ತಿದ್ದೆ. ಎಡಗಡೆದನ್ನ ಅದಕ್ಕೆ ಹೊಂದಿಸಿ ಇಟ್ಕೊಳ್ತಿದ್ದೆ."

"ವಿಮಾನದ ಪುಸ್ತಕದಲ್ಲಿ ಯಾಕೆ ಬರೀಲಿಲ್ಲ?"

ಕ್ಯಾಪ್ಟನ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಒಂದು ಸಲ ಬಾಯಲ್ಲಿ ಹೇಳಿದ್ದೆ. ಬರೆದಿದ್ರೆ ಅಣ್ಣನ ಹೆಸರಿಗೆ ಮಸಿ ಬೀಳ್ತಿತ್ತು. ಈ ತಿಂಗಳು ಅವರ ಹುದ್ದೆ ತೀರ್ಮಾನ ಆಗೋದಿತ್ತು. ಆದಮೇಲೆ ಬರೆಯೋಣ ಅಂದ್ಕೊಂಡೆ. ತಪ್ಪು ನಂದು."

ಮುಳ್ಳಣ್ಣನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅವನು ಸಹಿಸಿಕೊಂಡು ಬಂದದ್ದು ಷಡ್ಡಕನ ಪಟ್ಟಿಯನ್ನು, ಎತ್ತರವನ್ನು, ಮಾವನ ಪಕ್ಕದ ಜಾಗವನ್ನು. ಈಗ ಒಳ್ಳೆಯತನದಲ್ಲೂ ಅವನೇ ಮೇಲೆ. ಅದೊಂದನ್ನಾದರೂ ತನಗೆ ಬಿಡಬಾರದಿತ್ತೇ ಎಂದು, ಆ ಸ್ಥಿತಿಯಲ್ಲೂ, ಅವನಿಗೆ ಅನ್ನಿಸಿತು.

"ಈ ಪುಸ್ತಕ ಯಾಕೆ ಬರೆದ್ರಿ?" ಅಧಿಕಾರಿ ಅವನನ್ನೇ ಕೇಳಿದರು. "ಮೊದಲನೇ ದಿನವೇ ಮುಚ್ಚಳ ತೆಗೆದಿದ್ರೆ ಅರ್ಧ ಗಂಟೆ ಕೆಲಸ."

ಏನೇನೋ ಉತ್ತರಗಳು ನಾಲಿಗೆಯ ತುದಿಗೆ ಬಂದವು, ಸುರಕ್ಷತೆ, ಕರ್ತವ್ಯ. ಕ್ಯಾಪ್ಟನ್ ಎದುರಿಗೇ ನಿಂತಿದ್ದ.

"ಹೊಟ್ಟೆಕಿಚ್ಚು, ಮೇಡಂ," ಎಂದ ಮುಳ್ಳಣ್ಣ.

ಅವರು ಪುಸ್ತಕ ಮುಚ್ಚಿದರು. "ಒಬ್ರು ಪ್ರೀತಿಗೆ ಮುಚ್ಚಿಟ್ರಿ, ಒಬ್ರು ಹೊಟ್ಟೆಕಿಚ್ಚಿಗೆ ಮುಚ್ಚಿಟ್ರಿ. ಹಿಂದೆ ಕೂತಿದ್ದ ಒಂಬತ್ತು ಜನಕ್ಕೆ ಎರಡೂ ಒಂದೇ."

ವರದಿ ಬಂತು. ಕ್ಯಾಪ್ಟನ್‌ಗೆ ಒಂದು ತಿಂಗಳು ಹಾರಾಟವಿಲ್ಲ, ಮುಖ್ಯ ಪೈಲಟ್ ಹುದ್ದೆ ಇನ್ನೊಬ್ಬರಿಗೆ. ಆ ಸಾಲು ಓದಿದಾಗ ಮುಳ್ಳಣ್ಣನ ಹೊಟ್ಟೆ ಒಂದು ಕ್ಷಣ ತಣ್ಣಗಾದದ್ದು ನಿಜ. ಮರುಕ್ಷಣ ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು. ಮುಂದಿನ ಸಾಲು ಅವನದು. ಮುಖ್ಯಸ್ಥನ ಹುದ್ದೆ ರೇಡಿಯೋ ರಿಪೇರಿಯ ಬೆಂಚಿನ ಹೆಂಗಸಿಗೆ ಹೋಯಿತು, ಅವನಿಗಿಂತ ಹತ್ತು ವರ್ಷ ಚಿಕ್ಕವಳು. ಅವನ ಸೀಲನ್ನು ಆರು ತಿಂಗಳು ಕಿತ್ತುಕೊಂಡರು. ಕೊನೆಯಲ್ಲಿ ಅಧಿಕಾರಿ ಕೈಬರಹದಲ್ಲಿ ಒಂದು ಮಾತು ಸೇರಿಸಿದ್ದರು: ಇನ್ನು ಮುಂದೆ ಯಾವ ಉಪಕರಣ ಇವರ ಕೈಯಿಂದ ಹೋಗುತ್ತದೋ ಅದರ ಪರೀಕ್ಷೆಯ ಹಾರಾಟಕ್ಕೆ ಇವರೇ ಹೋಗತಕ್ಕದ್ದು.

ಮನೆಯಲ್ಲಿ ಹೆಂಡತಿ ಹೆಗ್ಗಣದ ಮಾತು ಎತ್ತಲಿಲ್ಲ. ಅನ್ನ ಬಡಿಸಿ, ಎದುರು ಕೂತು, "ತಂಗಿಗೆ ಫೋನ್ ಮಾಡಿದ್ದೆ. ನಿಮ್ಮ ಊಟ ಆಯ್ತಾ ಅಂತ ಅವಳ ಯಜಮಾನ್ರು ಕೇಳಿದ್ರಂತೆ," ಎಂದಳು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡು ಅವನು ತಟ್ಟೆ ನೋಡಿದ.

ಒಂದು ತಿಂಗಳ ಮೇಲೆ ಕ್ಯಾಪ್ಟನ್ ಕೆಲಸಕ್ಕೆ ಬಂದ. ಅದೇ ಬೆಳಿಗ್ಗೆ ಎಡಗಡೆಯ ಆಲ್ಟಿಮೀಟರನ್ನು ಮುಳ್ಳಣ್ಣ ಜಾಗಕ್ಕೆ ಕೂರಿಸಿದ್ದ. ಕೆಂಪು ಹನಿಯನ್ನು ಬಿಟ್ಟು, ಒಣಗುವವರೆಗೂ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದ. ಸೀಲು ಮಾತ್ರ ಹೊಸ ಮುಖ್ಯಸ್ಥೆಯದು. ಈಗ ಅವನು ಬಲಗಡೆಯ ಸೀಟಿನಲ್ಲಿ, ಬೆಲ್ಟು ಹೇಗೆ ಹಾಕುವುದೆಂದು ತಿಳಿಯದೆ, ಎರಡು ತುದಿಗಳನ್ನೂ ಹಿಡಿದುಕೊಂಡಿದ್ದ. ಕ್ಯಾಪ್ಟನ್ ಬಗ್ಗಿ ಹಾಕಿಕೊಟ್ಟ.

ರೇಡಿಯೋದಲ್ಲಿ ಅಂಕಿ ಬಂತು, 1009. ಕ್ಯಾಪ್ಟನ್ ಎರಡೂ ಕಿಟಕಿಗಳಿಗೆ ಅದನ್ನು ತಂದ. ಆಮೇಲೆ ಕೈ ಚಾಚಿ ಎಡಗಡೆಯ ಗಾಜನ್ನು ಉಗುರಿನಿಂದ ಮೂರು ಸಲ ತಟ್ಟಿದ. ಅವನು ಹಾಗೆ ತಟ್ಟಿದ್ದನ್ನು ಮುಳ್ಳಣ್ಣ ಎಂದೂ ನೋಡಿರಲಿಲ್ಲ.

"ಸರಿ ಇದೆಯಾ ಅಣ್ಣ?"

ಮುಳ್ಳಣ್ಣ ಹಲಗೆ ನೋಡಿದ, ಮುಳ್ಳು ನೋಡಿದ. "ಇಪ್ಪತ್ತು ಅಡಿ ಹೆಚ್ಚಿದೆ."

"ಎಪ್ಪತ್ತೈದರವರೆಗೂ ಬಿಡಬಹುದಲ್ವಾ?"

"ಬಿಡಬಹುದು. ಆದ್ರೂ ಬರಿ."

ಕ್ಯಾಪ್ಟನ್ ವಿಮಾನದ ಪುಸ್ತಕ ತೆಗೆದು ಬರೆದ. ನೋಡಿದವರ ಸಹಿ ಎಂಬಲ್ಲಿ ಪೆನ್ನು ಮುಂದಕ್ಕೆ ಚಾಚಿದ. ಮುಳ್ಳಣ್ಣ ಸಹಿ ಹಾಕಿದ. ಎಂಜಿನಿನ ಸದ್ದು ಏರಿತು, ಅಂಗಳ ಹಿಂದೆ ಸರಿಯಿತು, ಹಳದಿ ಹಲಗೆ ಪಕ್ಕಕ್ಕೆ ಬಂದು ಹೋಯಿತು. ಚಕ್ರ ನೆಲ ಬಿಟ್ಟದ್ದು ಅವನಿಗೆ ತಿಳಿಯಲಿಲ್ಲ. ಅವನ ಕಣ್ಣು ಮುಳ್ಳಿನ ಮೇಲಿತ್ತು. ಬೆಂಚಿನ ಮೇಲೆ ಪಂಪು ಹಾಕಿ ಗಾಳಿ ಎಳೆದು ಸಾವಿರ ಸಲ ಏರಿಸಿದ ಮುಳ್ಳು, ಈಗ ಯಾರೂ ಪಂಪು ಒತ್ತದೆ ತಾನಾಗಿ ಏರುತ್ತಿತ್ತು. ಎರಡು ಸಾವಿರ. ಮೂರು ಸಾವಿರ. ಎಡಗಿವಿ ನೋಯಲಾರಂಭಿಸಿತು. ಈ ಸಲ ನಿಜವಾಗಿಯೂ ನೋವೇ.

ಆಗ ತಲೆಯೆತ್ತಿ ಹೊರಗೆ ನೋಡಿದ. ನದಿ, ರಸ್ತೆ, ಮನೆಯ ಮಾಡುಗಳು, ಮೋಡದ ನೆರಳುಗಳು ಹೊಲದ ಮೇಲೆ ಮೆಲ್ಲಗೆ ನಡೆದುಹೋಗುತ್ತಿದ್ದವು. ಎಷ್ಟೋ ಹೊತ್ತು ನೋಡಿದ. ಕಣ್ಣು ತುಂಬಿದ್ದಕ್ಕೆ ಕಿವಿನೋವೆಂಬ ನೆಪವಂತೂ ಇತ್ತು.

"ಮಾವನ ಮನೆ ಕಾಣುತ್ತಾ?" ಎಂದು ಕೇಳಿದ.

ಕ್ಯಾಪ್ಟನ್ ರೆಕ್ಕೆ ವಾಲಿಸಿ ತೋರಿಸಿದ. ಬೆರಳ ತುದಿಯಷ್ಟು ಮನೆ, ಅಂಗಳದಲ್ಲಿ ಒಣಗಲು ಹಾಕಿದ ಬಿಳಿ ಬಟ್ಟೆ.

"ಇದು ಇಷ್ಟು ಚೆನ್ನಾಗಿರುತ್ತೆ ಅಂತ ನನಗೆ ಗೊತ್ತಿರಲಿಲ್ಲ ಕಣಯ್ಯ," ಎಂದ ಮುಳ್ಳಣ್ಣ. "ಗೊತ್ತಿದ್ದಿದ್ರೆ ಇನ್ನೂ ಜಾಸ್ತಿ ಹೊಟ್ಟೆಕಿಚ್ಚು ಪಡ್ತಿದ್ದೆ."